ಒಣಗದ ಬಣ್ಣ

ಹಸಿರು ಬಣ್ಣದ ಬೆಂಚು ಕಂಡರೆ ನಾನು ಇಂದಿಗೂ ತಟ್ಟನೆ ಕೂರುವುದಿಲ್ಲ. ಮೊದಲು ಬೆರಳಿಂದ ಮುಟ್ಟಿ ನೋಡುತ್ತೇನೆ.

ನಮ್ಮೂರ ಚಾವಡಿಯಲ್ಲಿ ಅಂಥ ಬೆಂಚುಗಳಿದ್ದವು. ಊರಿನ ವಿಷಯ ಏನೇ ಇದ್ದರೂ ಅಧಿಕಾರಿಗಳು ಅಲ್ಲಿ ಸಭೆ ಕರೆದು, "ಒಪ್ಪಿದವರು ಕೂತಿರಿ, ಒಪ್ಪದವರು ಎದ್ದು ನಿಲ್ಲಿ" ಎನ್ನುತ್ತಿದ್ದರು. ರಾಜರ ಕಾಲದ ಪದ್ಧತಿಯಂತೆ. ರಾಜರು ಹೋದರು, ಪ್ರಜೆಗಳೇ ಪ್ರಭುಗಳಾದರು. ಪ್ರಭುಗಳು ಮಾತ್ರ ಕೂತಲ್ಲಿಂದ ಏಳಲಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಎಲ್ಲವೂ ಸರ್ವಾನುಮತ.

ಆ ವರ್ಷ ಸಭೆಯ ಮುಂದೆ ಬಂದದ್ದು ಚೆಲುವತ್ತೆಯ ಬೋಂಡದ ಅಂಗಡಿ. ಅತ್ತೆ ನನ್ನ ತಂದೆಯ ಅಕ್ಕ. ಆ ಒಲೆಯೇ ಅವಳ ಬದುಕು. ಅಂಗಡಿ ಅಡ್ಡವಿದ್ದು, ಅಧಿಕಾರಿಗಳ ಕಾರು ಚಾವಡಿಯ ಮುಂದೆ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಆದ್ದರಿಂದ ಅಂಗಡಿ ಕೆಡವಬೇಕೆಂಬುದು ಠರಾವು.

"ನೀನು ಎದ್ದು ನಿಲ್ತೀಯಾ ಅತ್ತೆ?"

"ನಿಲ್ತೀನಿ ಕಣೋ. ಒಬ್ಬಳೇ ನಿಂತ್ರೆ ಲೆಕ್ಕಕ್ಕಿಲ್ಲ, ಆದ್ರೂ ನಿಲ್ತೀನಿ."

"ಊರವರು? ದಿನಾ ನಿನ್ನ ಬೋಂಡ ತಿಂತಾರಲ್ಲ?"

"ಅವರು ಬಾಯಿ ತೆರೆಯೋದು ಬೋಂಡಕ್ಕೆ ಮಾತ್ರ."

ಸಭೆಯ ದಿನ ಹೋಗಿ ನೋಡಿದರೆ ಇಡೀ ಊರು ನಿಂತಿತ್ತು! ಮೈ ಜುಮ್ಮೆಂದಿತು. ಹಿಂದೆಯೇ ಮೂಗಿಗೆ ವಾಸನೆ ಬಡಿಯಿತು. ಅಧಿಕಾರಿಗಳ ಗೌರವಾರ್ಥ ಬೆಂಚುಗಳಿಗೆ ಬೆಳಿಗ್ಗೆಯಷ್ಟೇ ಬಣ್ಣ ಬಳಿಸಿದ್ದರು.

ಅಧಿಕಾರಿಗಳು ಠರಾವು ಓದಿ, ರೂಢಿಯ ಮಾತು ಹೇಳಿ ತಲೆಯೆತ್ತಿದರು. "ಏನ್ರೀ ಇದು? ಕೂತ್ಕೊಳ್ರೀ!"

ಜವಳಿ ಅಂಗಡಿಯ ಚಿಕ್ಕರಂಗಯ್ಯ ಯಾವ ಸಭೆಯಲ್ಲೂ ಎದ್ದವರಲ್ಲ. ಅವರು ಕೈಮುಗಿದರು. "ಬಣ್ಣ ಹಸಿ ಸ್ವಾಮಿ. ಪಂಚೆ ಹೊಸದು."

ಸಭೆ ಮುಂದಿನ ವಾರಕ್ಕೆ ಹೋಯಿತು.

ಆ ವಾರವಿಡೀ ಊರಿಗೆ ಅದೇ ಮಾತು. "ಎಲ್ರೂ ನಿಂತ್ರೆ ಚಾವಡಿ ಚಿಕ್ಕದಾಗಿ ಕಾಣುತ್ತೆ, ಅಲ್ವಾ ಚೆಲುವಮ್ಮ?" ಎಂದು ಚಿಕ್ಕರಂಗಯ್ಯ ಬೋಂಡ ಕಚ್ಚುತ್ತಲೇ ಅಚ್ಚರಿಪಟ್ಟರು. ಅತ್ತೆ ಅವರ ತಟ್ಟೆಗೆ ಇನ್ನೊಂದು ಬೋಂಡ ಹಾಕಿದಳು.

ಮುಂದಿನ ಸಭೆಗೆ ನಾನು ಬೇಗನೆ ಹೋಗಿ ಬೆಂಚು ಮುಟ್ಟಿದೆ. ಬಣ್ಣ ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು. ಜನ ಬಂದರು. ಅತ್ತೆ ಬಂದು ನಿಂತಳು. ಅವಳ ಪಕ್ಕ ನಾನು. ಉಳಿದವರು ಬೆಂಚಿನ ಮುಂದೆ ಸುಮ್ಮನೆ ನಿಂತೇ ಇದ್ದರು.

"ಇವತ್ತೇನು ಕಷ್ಟ?" ಎಂದರು ಅಧಿಕಾರಿಗಳು.

ಚಿಕ್ಕರಂಗಯ್ಯ ಬೆಂಚು ನೋಡಿದರು, ಅತ್ತೆಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಇನ್ನೂ ಹಸಿ ಸ್ವಾಮಿ."

"ಹೌದು ಸ್ವಾಮಿ, ಅಂಟುತ್ತೆ," ಎಂದಿತು ಹಿಂದಿನ ಸಾಲು.

ಅಧಿಕಾರಿಗಳು ವೇದಿಕೆಯಿಂದ ಇಳಿದು ಬಂದು ಬೆಂಚಿಗೆ ಬೆರಳಿಟ್ಟರು. ಬೆರಳು ಶುಭ್ರವಾಗಿತ್ತು. ಅದನ್ನು ನೋಡಿದರು, ನಿಂತ ಊರನ್ನು ನೋಡಿದರು. ಆಮೇಲೆ ಕರವಸ್ತ್ರ ತೆಗೆದು, ಇಲ್ಲದ ಬಣ್ಣವನ್ನು ನಿಧಾನವಾಗಿ ಒರೆಸಿಕೊಂಡರು. ಠರಾವು ಮತ್ತೆ ಬರಲಿಲ್ಲ.

"ಅವರದು ಧೈರ್ಯವೋ, ನೆಪವೋ?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ನಿಂತ್ರಲ್ಲ, ಸಾಕು ಬಿಡೋ," ಎನ್ನುತ್ತಿದ್ದಳು ಅತ್ತೆ.

ಮೊನ್ನೆ ಚಾವಡಿಗೆ ಹೋದಾಗ ಬೆಂಚುಗಳ ಬಣ್ಣ ಚಕ್ಕೆಯೆದ್ದು ಮರ ಕಾಣುತ್ತಿತ್ತು. ಸಭೆಗೆ ಬಂದ ಹೆಂಗಸೊಬ್ಬಳು ಕೂರುವ ಮೊದಲು ಬೆಂಚನ್ನು ಬೆರಳಿಂದ ಮುಟ್ಟಿ, ಪಕ್ಕದವಳ ಮುಖ ನೋಡಿದಳು.