ರಾಣಿಗೆ ಸ್ವಗತವಿಲ್ಲ

ಡೊಂಬಿವಲಿಯ ಆ ಕನ್ನಡ ಸಂಘದವರು ವರ್ಷವರ್ಷವೂ ಆಡುವ ಹಾಸ್ಯನಾಟಕ ಬಿಟ್ಟು ನಾನೂರು ವರ್ಷ ಹಳೆಯ ಇಂಗ್ಲಿಷ್ ದುರಂತ ನಾಟಕಕ್ಕೆ ಕೈಹಾಕಿದ್ದು ಪುಂಡರೀಕಾಕ್ಷರ ಹಟದಿಂದ. ಪುಂಡರೀಕಾಕ್ಷರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಕೈಯಲ್ಲಿ ಬೇಕಾದಷ್ಟು ಹೊತ್ತು ಇದ್ದವರು. ತಾವೇ ಕನ್ನಡಕ್ಕೆ ತಂದರು, ತಾವೇ ನಿರ್ದೇಶಕರಾದರು, ಪರದೆಯ ಹಿಂದೆ ಅಡಗಿ ಕದ್ದು ಕೇಳಿ ಸಾಯುವ ಮುದಿ ಮಂತ್ರಿಯ ಪಾತ್ರವನ್ನೂ ಯಾರಿಗೂ ಬಿಟ್ಟುಕೊಡಲಿಲ್ಲ.

ಕಥೆ ಇಷ್ಟೇ. ರಾಜ ಸತ್ತಿದ್ದಾನೆ. ವಿಧವೆ ರಾಣಿ ಮೈದುನನನ್ನು ಮದುವೆಯಾಗಿದ್ದಾಳೆ. ಮಗನಿಗೆ ಅದು ಸಹಿಸದು. ಅವನು ಅಮ್ಮನನ್ನು ಬೈಯುತ್ತಾನೆ, ಚಿಕ್ಕಪ್ಪನನ್ನು ಕೊಲ್ಲಬೇಕೆಂದು ಯೋಚಿಸುತ್ತಾನೆ, ಯೋಚಿಸುತ್ತಲೇ ಇರುತ್ತಾನೆ, ಕೊನೆಗೆ ಎಲ್ಲರೂ ಸಾಯುತ್ತಾರೆ.

ರಾಣಿಯ ಪಾತ್ರ ಜಯಲತಾಳಿಗೆ ಬಂತು. ಉಡುಪಿ ಕಡೆಯವಳು, ಐವತ್ತನಾಲ್ಕು ವಯಸ್ಸು, ಠಾಣೆಯ ನೌಪಾಡಾದಲ್ಲಿ ತೀರಿಕೊಂಡ ಗಂಡ ಬಿಟ್ಟುಹೋದ ಇಡ್ಲಿ ಹೋಟೆಲನ್ನು ಆರು ವರ್ಷಗಳಿಂದ ಒಬ್ಬಳೇ ನಡೆಸುತ್ತಿರುವವಳು. ಮೊದಲ ದಿನ ಕಥೆ ಕೇಳಿ ಅವಳಿಗೆ ನಗು ತಡೆಯಲಿಲ್ಲ.

“ಇದು ನಮ್ಮ ತುಳುನಾಡಿನಲ್ಲಿ ಆಗಿದ್ರೆ ನಾಟಕವೇ ಇಲ್ಲ ಮಾರಾಯ್ರೆ,” ಎಂದಳು. “ನಮ್ಮಲ್ಲಿ ಅಳಿಯಸಂತಾನ. ರಾಜ ಸತ್ರೆ ಪಟ್ಟ ಅವನ ಅಕ್ಕನ ಮಗನಿಗೆ. ಈ ಹುಡುಗನಿಗೆ ಹೇಗೂ ಸಿಗ್ತಿರ್ಲಿಲ್ಲ. ರಾಣಿ ಇನ್ನೊಂದು ಮದುವೆ ಆದ್ರೆ ಅದಕ್ಕೂ ಹೆಸರುಂಟು, ಬುಡುದಾರೆ ಅಂತ. ನನ್ನ ಅಜ್ಜಿಗೇ ಆಗಿತ್ತು. ಊಟ ಹಾಕಿ ಮುಗಿಸಿದ್ರು, ಯಾರೂ ಯಾರನ್ನೂ ಕೊಲ್ಲಲಿಲ್ಲ.”

“ಅದಕ್ಕೇ ನಿಮ್ಮಲ್ಲಿ ದುರಂತ ನಾಟಕ ಹುಟ್ಟಲಿಲ್ಲ ಕಣಮ್ಮಾ,” ಎಂದರು ಪುಂಡರೀಕಾಕ್ಷರು, ನಿಜವಾಗಿಯೂ ಬೇಸರಪಟ್ಟುಕೊಂಡು.

ರಾಜಕುಮಾರನ ಪಾತ್ರ ಮಾಡಿದವನು ಅವಳದೇ ಮಗ ಹಿತೇಶ್. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ, ಇಪ್ಪತ್ತೆಂಟು ವಯಸ್ಸು, ಅಪ್ಪನ ಎತ್ತರ, ಅಪ್ಪನದೇ ಗಂಟಲು. ಇಲ್ಲಿಯೇ ಹುಟ್ಟಿದವನು. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ. ಉತ್ತರ ಮಾತ್ರ ಮರಾಠಿಯಲ್ಲಿ. ನಾಟಕದ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಲೋಕಲ್ ಟ್ರೈನಿನಲ್ಲಿ ನಿಂತೇ ಬಾಯಿಪಾಠ ಮಾಡಿದ್ದ.

ನಾಟಕಕ್ಕೆ ಇನ್ನು ಮೂರು ವಾರ ಇದೆ ಅನ್ನುವಾಗ ಜಯಲತಾ ಮಗನಿಗೆ ಒಂದು ವಿಷಯ ಹೇಳಿದಳು. ತಾನು ದೇವದಾಸರನ್ನು ಮದುವೆಯಾಗುತ್ತೇನೆ, ನಾಟಕ ಮುಗಿದ ಮೇಲೆ ಬರುವ ಗುರುವಾರ ಠಾಣೆಯ ರಿಜಿಸ್ಟರ್ ಕಚೇರಿಯಲ್ಲಿ. ಮೂವರು ಸಾಕ್ಷಿಗಳು ಬೇಕು, ಇಬ್ಬರು ಸಿಕ್ಕಿದ್ದಾರೆ, ಮೂರನೆಯವನು ನೀನಾಗಬೇಕು.

ದೇವದಾಸರನ್ನು ಹಿತೇಶ್ ಅರಿಯದವನೇನಲ್ಲ. ಲೋಕಲ್ ಟ್ರೈನಿನ ಮೋಟರ್‌ಮನ್, ಅಂದರೆ ಚಾಲಕರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಹತ್ತು ವರ್ಷ, ಟಿಟ್ವಾಳಾದಲ್ಲಿ ಒಂದು ಫ್ಲಾಟ್. ಸಂಘದ ನಾಟಕಗಳಿಗೆಲ್ಲ ಲೈಟು ಬಿಡುವುದು ಅವರೇ. ಮೊದಲು ತಿಂಗಳಿಗೊಮ್ಮೆ ನೌಪಾಡಾಕ್ಕೆ ಇಡ್ಲಿ ತಿನ್ನಲು ಬರುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಟಿಟ್ವಾಳಾದಲ್ಲಿ ಇಡ್ಲಿ ಸಿಗುವುದಿಲ್ಲವೇ ಎಂದು ಜಯಲತಾ ಒಂದು ದಿನ ಕೇಳಿದಳು. ಸಿಗುತ್ತದೆ ಎಂದರು ಅವರು. ಅಷ್ಟೇ ಅವರ ಪ್ರೇಮ ನಿವೇದನೆ.

ಹಿತೇಶ್ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, “ಪಪ್ಪಾಂಚ್ಯಾ ಜಾಗೇವರ್?” ಎಂದ. ಪಪ್ಪನ ಜಾಗದಲ್ಲಿ ಇವನಾ ಎಂದು. ಆಮೇಲೆ, “ಲೋಕ ಕಾಯ ಮ್ಹಣತೀಲ?” ಎಂದ. ಜನರ ಬಾಯಿಗೆ ಹೆದರುವುದನ್ನು ಅವನು ಯಾವ ಶಾಲೆಯಲ್ಲಿ ಕಲಿತನೋ, ಅವಳಂತೂ ಕಲಿಸಿರಲಿಲ್ಲ. ಅಂದಿನಿಂದ ಮಾತು ಬಂದ್. ಒಂದೇ ಮನೆ, ಒಂದೇ ಕುಕ್ಕರಿನ ಅನ್ನ, ಆದರೆ ಅವಳು ಹೇಳಬೇಕೆಂದಿದ್ದ ಒಂದೇ ಒಂದು ಮಾತಿಗೂ ಅವನು ಕಿವಿಯಲ್ಲಿನ ಇಯರ್‌ಫೋನ್ ತೆಗೆಯಲಿಲ್ಲ.

ಅವನು ಅಮ್ಮನ ಜೊತೆ ಮಾತಾಡುತ್ತಿದ್ದುದು ಇನ್ನು ಭಾನುವಾರದ ರಿಹರ್ಸಲಿನಲ್ಲಿ ಮಾತ್ರ. ರಾಣಿಯ ಅಂತಃಪುರಕ್ಕೆ ನುಗ್ಗಿ ಅವಳನ್ನು ಮಂಚದ ಮೇಲೆ ಕೂರಿಸಿ ರಾಜಕುಮಾರ ಬೈಯುವ ದೃಶ್ಯ. ನಿನಗೆ ನಾಚಿಕೆಯಿಲ್ಲವೇ, ಈ ವಯಸ್ಸಿನಲ್ಲಿ ನಿನಗಿದೇನು ಬುದ್ಧಿ, ಅಪ್ಪನ ಚಿತೆಯಿನ್ನೂ ಆರಿಲ್ಲ ಎಂದೆಲ್ಲ. ಮೊದಮೊದಲು ಪಾಠ ಒಪ್ಪಿಸುತ್ತಿದ್ದ ಹುಡುಗ ಈಗ ಕುತ್ತಿಗೆಯ ನರ ಉಬ್ಬಿಸಿ ಬೈಯತೊಡಗಿದ. ಜಯಲತಾ ತಲೆತಗ್ಗಿಸಿ ಕೂತಿರುತ್ತಿದ್ದಳು, ಏಕೆಂದರೆ ಪುಸ್ತಕದಲ್ಲಿ ಹಾಗೆ ಬರೆದಿತ್ತು.

“ಎಂಥಾ ಭಾವ, ಎಂಥಾ ಭಾವ,” ಎಂದು ಪುಂಡರೀಕಾಕ್ಷರು ಸತ್ತು ಬಿದ್ದಲ್ಲಿಂದಲೇ ಹೊಗಳಿದರು. ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುದ್ದಿ ಅಷ್ಟರಲ್ಲಿ ಕಲ್ಯಾಣದಿಂದ ವಾಶಿಯವರೆಗೆ ಹರಡಿತ್ತು. ನಾಟಕದ ದಿನ ಅವಳ ನಾದಿನಿಯರೂ ಭಾವಂದಿರೂ ಮುಂದಿನ ಸಾಲಿನಲ್ಲಿ ಕೂತು, ಮಗ ತಾಯಿಗೆ ಬುದ್ಧಿ ಹೇಳುವುದನ್ನು ಟಿಕೆಟ್ ಇಲ್ಲದೆ ನೋಡುವವರಿದ್ದರು.

ಅವಳಿಗೆ ಸಿಟ್ಟು ಬಂದದ್ದು ಬೈಗುಳಕ್ಕಲ್ಲ. ಒಂದು ರಾತ್ರಿಯಲ್ಲ, ಹಾಡುಹಗಲೇ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಪುಸ್ತಕ ಹರಡಿಕೊಂಡು ತನ್ನ ಮಾತು ಓದುತ್ತಿದ್ದಾಗ ಅವಳಿಗೊಂದು ಸಂಗತಿ ಹೊಳೆಯಿತು. ಈ ನಾಟಕದಲ್ಲಿ ಎಲ್ಲರಿಗೂ ಸ್ವಗತ ಉಂಟು. ರಾಜಕುಮಾರನಂತೂ ಎರಡು ದೃಶ್ಯಕ್ಕೊಮ್ಮೆ ಒಬ್ಬನೇ ನಿಂತು ಸಭೆಗೆ ತನ್ನ ಹೊಟ್ಟೆಯೊಳಗಿನದೆಲ್ಲ ತೋಡಿಕೊಳ್ಳುತ್ತಾನೆ. ಅಣ್ಣನನ್ನು ಕೊಂದ ಚಿಕ್ಕಪ್ಪನಿಗೂ ಮಂಡಿಯೂರಿ ಪಶ್ಚಾತ್ತಾಪಪಡಲು ಒಂದು ಪುಟ. ಹುಚ್ಚಿಯಾಗಿ ನೀರಿಗೆ ಬೀಳುವ ಹುಡುಗಿಗೂ ನಾಲ್ಕು ಸಾಲು. ರಾಣಿಗೆ ಮಾತ್ರ ಇಲ್ಲ. ಅವಳು ಏಕೆ ಮದುವೆಯಾದಳು ಎಂದು ಇಡೀ ಅರಮನೆ ಚರ್ಚಿಸುತ್ತದೆ, ಅವಳನ್ನು ಒಬ್ಬರೂ ಕೇಳುವುದಿಲ್ಲ.

ಮುಂದಿನ ಭಾನುವಾರ ಅವಳು ಪುಂಡರೀಕಾಕ್ಷರನ್ನು ಹಿಡಿದಳು. “ನನಗೊಂದು ಸ್ವಗತ ಬೇಕು.”

“ಮೂಲದಲ್ಲಿ ಇಲ್ವಲ್ಲಮ್ಮಾ. ಎಲ್ಲೋ ತನ್ನಷ್ಟಕ್ಕೆ ಗೊಣಗೋ ನಾಲ್ಕು ಸಾಲು ಇತ್ತು, ಟೈಮ್ ಸಾಲ್ದು ಅಂತ ನಾನೇ ತೆಗ್ದೆ.”

“ಮೂಲದಲ್ಲಿ ರಾಜ ಕುಡಿಯುವುದು ಶರಾಬು. ಕಮಿಟಿಯವರು ಬೇಡ ಅಂದ ಕೂಡ್ಲೆ ನೀವು ಪಾನಕ ಮಾಡ್ಲಿಲ್ವಾ?”

“ಅದು ಬೇರೆ, ಇದು ಬೇರೆ,” ಎಂದರು ಅವರು. “ರಾಣಿ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ದೇ ಇರೋದೇ ನಾಟಕದ ಸೊಗಸು. ಸ್ವಗತ ಅಂದ್ರೆ ಹುಡುಗಾಟ ಅಲ್ಲಮ್ಮಾ, ಅಲ್ಲಿ ಪಾತ್ರ ಸುಳ್ಳು ಹೇಳೋ ಹಾಗಿಲ್ಲ.”

“ಅದಕ್ಕೇ ಕೇಳಿದ್ದು,” ಎಂದಳು ಜಯಲತಾ. ಅವರು ಆಗಲೇ ಕತ್ತಿಕಾಳಗದ ಹುಡುಗರ ಕಡೆ ಓಡಿದ್ದರು.

ಶನಿವಾರ ಅವಳು ದೇವದಾಸರಿಗೆ ಫೋನ್ ಮಾಡಿದಳು. ಅಂತಃಪುರದ ದೃಶ್ಯ ಮುಗಿದ ಮೇಲೆ ಲೈಟು ಆರಿಸಬೇಡಿ ಎಂದಳು. ಪುಸ್ತಕದಲ್ಲಿ ಕತ್ತಲೆ ಎಂದಿದೆಯಲ್ಲ ಎಂದು ಅವರು ಕೇಳಲಿಲ್ಲ. “ಎಲ್ಲಿಯವರೆಗೆ?” ಎಂದರು.

“ನಾನು ಮಂಚದಿಂದ ಎದ್ದು ನಿಲ್ಲುವವರೆಗೆ.”

“ಆಗ್ಲಿ. ಸಿಗ್ನಲ್ ಕೊಡದೆ ನಾನು ಗಾಡಿ ಬಿಡುವುದಿಲ್ಲ.”

ನಾಟಕದ ಸಂಜೆ ಬಣ್ಣದ ಕೋಣೆಯಲ್ಲಿ ಅವಳು ಚೀಲದಿಂದ ಮದುವೆಯ ಫಾರಂ ತೆಗೆದಳು. ಸಾಕ್ಷಿಗಳ ಜಾಗದಲ್ಲಿ ಎರಡು ಹೆಸರಿದ್ದವು, ಮೂರನೆಯದು ಇಪ್ಪತ್ತು ದಿನಗಳಿಂದ ಖಾಲಿ. ಅದನ್ನು ಅವಳು ಸೌಜನ್ಯಳ ಮುಂದೆ ಇಟ್ಟಳು. ನೀರಿಗೆ ಬೀಳುವ ಹುಡುಗಿಯ ಪಾತ್ರ ಸೌಜನ್ಯಳದು. ಧಾರವಾಡದವಳು, ವಾಶಿಯಲ್ಲಿ ಕೆಲಸ.

“ಇದು ನಿಮ್ಮ ಮಗನ ಜಾಗ ಅಲ್ಲೇನ್ರಿ ಅಕ್ಕಾರ?”

“ಅವನಿಗೆ ಕಾದದ್ದು ಸಾಕು. ನೀನು ಬರಿ.” ಸೌಜನ್ಯ ಕಾಡಿಗೆ ಹಚ್ಚಿದ ಒದ್ದೆ ಕಣ್ಣು ಒರೆಸಿಕೊಳ್ಳದೆ, ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಸಹಿ ಹಾಕಿದಳು.

ಅಂತಃಪುರದ ದೃಶ್ಯ ಬಂತು. ಹಿತೇಶ್ ಪರದೆಗೆ ಕತ್ತಿ ಚುಚ್ಚಿ ಪುಂಡರೀಕಾಕ್ಷರನ್ನು ಕೊಂದ. ಆಮೇಲೆ ಅಮ್ಮನ ಕಡೆ ತಿರುಗಿ ಬೈದ. ಮುಂದಿನ ಸಾಲಿನಲ್ಲಿ ಒಬ್ಬಳು ನಾದಿನಿ ಇನ್ನೊಬ್ಬಳ ತೋಳು ಒತ್ತಿದಳು. ಬೈದು ಮುಗಿಸಿ, ಪುಸ್ತಕದಲ್ಲಿದ್ದ ಹಾಗೆ, ಮಂತ್ರಿಯ ಹೆಣವನ್ನು ಕಾಲು ಹಿಡಿದು ಎಳೆದುಕೊಂಡು ಸೈಡ್ ವಿಂಗಿಗೆ ಹೋದ. ಕತ್ತಲಾಗಬೇಕಿತ್ತು. ಆಗಲಿಲ್ಲ.

ಜಯಲತಾ ತಲೆಯೆತ್ತಿದಳು. ಸಭೆಯನ್ನು ನೋಡಿದಳು. “ಮಗೆ ಪೋಯೆ,” ಎಂದಳು. ಮಗ ಹೋದ ಎಂದು. ಕನ್ನಡ ನಾಟಕದ ನಟ್ಟನಡುವೆ ರಾಣಿ ತನ್ನ ಮನೆಮಾತು ತುಳುವಿನಲ್ಲಿ ಮಾತಾಡಿದಳು. ಅವಳಿಗೆ ಒಬ್ಬಳೇ ಇರುವಾಗ ಬರುತ್ತಿದ್ದುದು ಅದೊಂದೇ ಭಾಷೆ. ಕನ್ನಡದಲ್ಲಿ ಅದು ಹೀಗಾಗುತ್ತದೆ:

“ಮಗ ಹೋದ. ಅವನು ಹೇಳುವುದೆಲ್ಲ ಹೇಳಿಯಾಯಿತು. ಇನ್ನು ನಾನು ಹೇಳುತ್ತೇನೆ. ಅವನ ಅಪ್ಪ ಒಳ್ಳೆಯವರು. ಕೊನೆಯ ಮೂರು ತಿಂಗಳು ಅವರ ಮೈ ತೊಳೆದವಳು ನಾನು, ಕೂಸಿನ ಹಾಗೆ ಉಣ್ಣಿಸಿದವಳು ನಾನು. ಅವರು ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಅಂಗಡಿಯ ಹಿಟ್ಟು ರುಬ್ಬುತ್ತ ಅತ್ತೆ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಅತ್ತೆ. ಒಂದು ದಿನ ಅಳು ನಿಂತಿತು. ನಾನು ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಇನ್ನೊಬ್ಬರು ಬಂದರು. ಅವರು ಎದುರಿಗೆ ಕೂತರೆ ನನಗೆ ಹಸಿವಾಗುತ್ತದೆ. ನನಗೆ ಅವರು ಬೇಕು. ನನ್ನ ಮಗನಿಗೆ ನಾನು ಬೇಕು, ಗೋಡೆಯ ಮೇಲೆ, ಅಪ್ಪನ ಫೋಟೋದ ಪಕ್ಕ ಇನ್ನೊಂದು ಫೋಟೋ ಆಗಿ. ಮಗಾ, ನಾನಿನ್ನೂ ಸತ್ತಿಲ್ಲ. ಸಾಯುವವರೆಗೆ ಬದುಕುತ್ತೇನೆ. ಯಾನ್ ಏರೆಡಲಾ ಕೇಣುಜಿ.”

ಕೊನೆಯ ಮಾತು ತುಳು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಯಾರನ್ನೂ ಕೇಳುವುದಿಲ್ಲ ಎಂದಿದ್ದಳು. ಸಭೆಯಲ್ಲಿ ಅರ್ಧ ಜನ ಬೆಂಗಳೂರು, ಮೈಸೂರಿನವರು. ರಾಣಿಗೆ ದುಃಖದಲ್ಲಿ ಭಾಷೆ ತಪ್ಪಿತು ಎಂದುಕೊಂಡು ಸುಮ್ಮನೆ ಕೂತರು. ಮುಂದಿನ ಸಾಲಿನವರಿಗೆ ಒಂದೊಂದು ಶಬ್ದವೂ ತಿಳಿಯಿತು. ವಿಂಗಿನಲ್ಲಿ ಹೆಣವಾಗಿ ಬಿದ್ದಿದ್ದ ಪುಂಡರೀಕಾಕ್ಷರು ಒಂದು ಕಣ್ಣು ತೆರೆದು, “ಏನಪ್ಪಾ ಹೇಳ್ತಿದಾರೆ ನಿಮ್ಮಮ್ಮ?” ಎಂದು ಪಿಸುಗುಟ್ಟಿದರು. ಹಿತೇಶ್ ಅವರ ಕಾಲು ಇನ್ನೂ ಬಿಟ್ಟಿರಲಿಲ್ಲ. ರಾಜಕುಮಾರನಾದವನು ಇನ್ನೊಬ್ಬರ ಸ್ವಗತ ಕೇಳಿಸಿಕೊಂಡದ್ದು ಅದೇ ಮೊದಲು.

ಜಯಲತಾ ಎದ್ದು ನಿಂತಳು. ಲೈಟು ಆರಿತು.

ರಾಣಿ ಕೊನೆಗೆ ವಿಷದ ಪಾನಕ ಕುಡಿದು ಸಾಯುವುದನ್ನು ತಪ್ಪಿಸಲಾಗಲಿಲ್ಲ. ಅವಳು ಸತ್ತಳು, ಎದ್ದಳು, ಕೈಮುಗಿದು ಚಪ್ಪಾಳೆ ಸ್ವೀಕರಿಸಿದಳು. ನಾದಿನಿಯರು ಬಣ್ಣದ ಕೋಣೆಯ ಕಡೆ ಸುಳಿಯಲಿಲ್ಲ. ಬಂದವನು ಹಿತೇಶ್, ಮುಖದ ಬಣ್ಣವನ್ನು ಅರ್ಧ ಒರೆಸಿಕೊಂಡು. ಬಾಗಿಲ ಬಳಿ ನಿಂತು ಕೈ ಚಾಚಿದ. “ಫಾರಂ ದೇ,” ಎಂದ.

ಅವಳು ಕೊಟ್ಟಳು. ಅವನು ಜೇಬಿನಿಂದ ಪೆನ್ನು ತೆಗೆದು, ಹಾಳೆ ಮಡಚಿ, ಸಹಿಯ ಜಾಗ ಹುಡುಕಿದ. ಮೂರು ಹೆಸರಿದ್ದವು. ಅವನ ಮುಖ ಸಣ್ಣದಾಯಿತು.

“ಮಾಝೀ ಜಾಗಾ?” ನನ್ನ ಜಾಗ ಎಲ್ಲಿ ಎಂದು.

“ಇಪ್ಪತ್ತು ದಿನ ಖಾಲಿ ಇಟ್ಟಿದ್ದೆ ಮಗಾ.” ಅವಳು ಫಾರಂ ವಾಪಸ್ ತೆಗೆದುಕೊಂಡು ಚೀಲಕ್ಕೆ ಹಾಕಿದಳು. “ಸಾಕ್ಷಿ ಬೇಕಾದದ್ದು ಸರಕಾರಕ್ಕೆ. ಅದಾಯ್ತು. ನನಗೆ ಬೇಕಾದವನು ಮಗ. ಗುರುವಾರ ಹತ್ತೂವರೆಗೆ. ಬಂದ್ರೆ ಸಂತೋಷ. ಬಾರದಿದ್ರೂ ಮದುವೆ ಆಗ್ತದೆ.”

ಹಿತೇಶ್ ಪೆನ್ನಿನ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ. ಆಮೇಲೆ, ಇಪ್ಪತ್ತೆಂಟು ವರ್ಷ ಕಿವಿಯಲ್ಲಿದ್ದು ಒಮ್ಮೆಯೂ ನಾಲಿಗೆಗೆ ಬಾರದಿದ್ದ ಭಾಷೆಯಲ್ಲಿ, ತಡವರಿಸುತ್ತ, “ಯಾನ್ ಬರ್ಪೆ,” ಎಂದ. ನಾನು ಬರುತ್ತೇನೆ ಎಂದು.

ಜಯಲತಾ ರಾಣಿಯ ಕಿರೀಟ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡಳು. ಅವನ ಮುಖದ ಬಣ್ಣ ಅವಳ ಹೆಗಲಿಗೆ ಹತ್ತಿತು.

“ಹತ್ತೂವರೆ ಅಂದ್ರೆ ಹತ್ತೂವರೆ,” ಎಂದಳು. “ಅವರು ತಡವಾಗಿ ಬಂದವರಿಗೆ ಅಂತ ಗಾಡಿ ನಿಲ್ಲಿಸಿದವರಲ್ಲ. ಇನ್ನು ನಾನೂ ನಿಲ್ಲಿಸುವುದಿಲ್ಲ.”