ಹಾರದ ಎಂಬತ್ತು ಗಂಟೆ

ಮೂವತ್ತೊಂದು ವರ್ಷ ಅರಸೀಕೆರೆ–ಬೇಲೂರು ರೂಟಿನಲ್ಲಿ ಬಸ್ಸು ಓಡಿಸಿದ ಲಕ್ಕಪ್ಪ ಸುಲಭಕ್ಕೆ ಹೆದರುವ ಆಸಾಮಿಯಲ್ಲ. ಬ್ರೇಕು ಹಿಡಿಯದ ಬಸ್ಸನ್ನು ಹಳೇಬೀಡಿನ ಹತ್ತಿರ ಇಳಿಜಾರಿನಲ್ಲಿ ನಿಲ್ಲಿಸಿ, ಕೆಳಗಿಳಿದು ಬೀಡಿ ಹಚ್ಚಿದವನು. ಅಂಥವನಿಗೆ ಆ ಶನಿವಾರ ಬೆಳಿಗ್ಗೆ, ಜಗಲಿ ಮೇಲೆ ಕೂತು, ವಿಮಾನ ಹಾರಿಸಿದ ಗಂಟೆ ಬರೆದಿಡುವ ಮಗನ ಲಾಗ್‌ಬುಕ್ ತಿರುವುವಾಗ ಹೆದರಿಕೆಯಾಯಿತು.

ಮಗ ಚೇತನ್ ಪೈಲಟ್. ಹುಲಿಕೆರೆಯ ತೆಂಗಿನ ತೋಟ ಮಾರಿ ಓದಿಸಿದ್ದು. ಲೈಸೆನ್ಸ್ ಬಂದಮೇಲೂ ಹುಡುಗ ಮನೇಲೇ ಕೂತ. ಯಾವ ಕಂಪನಿಗೆ ಹೋದರೂ ‘ಎಷ್ಟು ಗಂಟೆ ಹಾರಿಸಿದ್ದೀಯ’ ಅನ್ನೋದೊಂದೇ ಪ್ರಶ್ನೆ. ಕೊನೆಗೆ ಸಣ್ಣ ಊರುಗಳಿಗೆ ವಿಮಾನ ಬಿಡುವ ಒಂದು ಕಂಪನಿ, ಐನೂರು ಗಂಟೆ ಇದ್ದರೆ ಬಾ ಅಂತು. ಮೊದಲ ವರ್ಷದ ಸಂಬಳ ಬಸ್ ಡ್ರೈವರ್ ಲಕ್ಕಪ್ಪನದಕ್ಕಿಂತ ಕಮ್ಮಿ! ಹಾಳಾಗಿ ಹೋಗಲಿ, ಕೆಲಸ ಸಿಕ್ಕಿತಲ್ಲ. ಟ್ರೈನಿಂಗೂ ಮುಗಿಯಿತು. ಸೋಮವಾರ ಜನರನ್ನು ಕೂರಿಸಿಕೊಂಡು ಮೊದಲ ಹಾರಾಟ. ಎಪ್ಪತ್ತು ಸೀಟಿನ ಆ ವಿಮಾನದಲ್ಲೇ ಹೋಗಬೇಕು ಅಂತ ಚೇತನ್ ತಂಗಿ ಹೇಮಾಶ್ರೀ ಟಿಕೆಟ್ ಮಾಡಿಸಿ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬೀದಿಗೆಲ್ಲ ಸಾರಿ ಬಂದಿದ್ದಳು.

ಡ್ರೈವರ್ ಕಣ್ಣು ಬಲು ಕೆಟ್ಟದ್ದು. ದಿನಾ ಬರೆದ ಲಾಗ್‌ಶೀಟ್ ಯಾವುದು, ಒಂದೇ ಸಲ ಕೂತು ಗೀಚಿದ್ದು ಯಾವುದು ಅಂತ ಲಕ್ಕಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಲ್ಕು ಹಾಳೆ ಪೂರ್ತಿ ಒಂದೇ ಪೆನ್ನು, ಒಂದೇ ಕೈ. ಎರಡು ವರ್ಷದ ಹಿಂದಿನ ಮೇ ಹನ್ನೊಂದರ ಸಾಲಿನಲ್ಲಿ ಆರು ಗಂಟೆ ಹಾರಾಟ ಅಂತಿತ್ತು. ಅಯ್ಯೋ ಶಿವನೇ! ಅವತ್ತು ಬಾಣಾವರದ ಛತ್ರದಲ್ಲಿ ಹೇಮಾಶ್ರೀ ಮದುವೆ. ಇವನು ಪಂಕ್ತೀಲಿ ಪಾಯಸ ಬಡಿಸುತ್ತಿದ್ದ.

“ಚೇತೂ, ಬಾ ಇಲ್ಲಿ. ಏನ್ಲಾ ಇದು?”

ಬೆರಳಿಟ್ಟ ಸಾಲು ನೋಡಿ ಚೇತನ್ ಮುಖ ಬಿಳಿಚಿಕೊಂಡಿತು. “ಎಂಬತ್ತು ಗಂಟೆ ಕಮ್ಮಿ ಬಿತ್ತಪ್ಪ. ಎಷ್ಟೋ ಜನ ಬರ್ಕೊತಾರೆ. ಸೈನ್ ಹಾಕ್ಕೊಡೋರೂ ಇದ್ದಾರೆ.”

“ನಾನ್ ಕೇಳಿದ್ದು ಅದಲ್ಲ. ಆ ಎಂಬತ್ತು ಗಂಟೆ ನಿಜವಾಗ್ಲೂ ಓಡ್ಸಿದ್ರೆ ಏನ್ ಕಲೀತಿದ್ದೆ?”

ಚೇತನ್ ನೆಲ ನೋಡಿದ. “ಅಡ್ಡಗಾಳೀಲಿ ಇಳಿಸೋದು. ಟ್ರೈನಿಂಗ್ ಮೆಷೀನಲ್ಲಿ ಮಾಡಿದ್ದೀನಿ. ನಿಜವಾದ ಗಾಳೀಲಿ ಇಳಿಸಿಲ್ಲ. ಪಕ್ಕದಲ್ಲಿ ಕ್ಯಾಪ್ಟನ್ ಇರ್ತಾರಲ್ಲಪ್ಪ.”

“ಅವ್ರಿಗೆ ಎದೆನೋವು ಬಂದ್ರೆ? ನಮ್ಮ ಡಿಪೋ ಚನ್ನಬಸವಯ್ಯ ಸ್ಟೀರಿಂಗ್ ಮೇಲೇ ಕುಸಿದಾಗ ಬಸ್ಸು ಹೋಗಿ ಗದ್ದೇಲಿ ನಿಂತ್ಕೊಂತು ಕಣೋ. ನಿಂಗೆ ಮೇಲೆ ಗದ್ದೆ ಎಲ್ಲೈತೆ?”

ಒಳಗಿನಿಂದ ಕೂಸು ನಗುವ ಸದ್ದು ಬಂತು. ಬಾಯಿ ಬಿಟ್ಟರೆ ಮಗನ ಲೈಸೆನ್ಸ್ ಹೋಗುತ್ತದೆ, ಕೇಸೂ ಬೀಳಬಹುದು. ಸುಮ್ಮನಿದ್ದರೆ ಏನಾಗುತ್ತೆ ಅನ್ನೋದನ್ನು ಲಕ್ಕಪ್ಪನ ಮನಸ್ಸು ಪೂರ್ತಿ ಯೋಚಿಸಲೇ ಇಲ್ಲ. ಅಷ್ಟು ಹೆದರಿಕೆಯಾಗಿತ್ತು.

“ಹೇಮಾ ಟಿಕೆಟ್ ಇರ್ಲಾ, ಕ್ಯಾನ್ಸಲ್ ಮಾಡಿಸ್ಲಾ? ನೀನೇ ಹೇಳು ಮಗ.”

ಚೇತನ್ ಒಳಬಾಗಿಲ ಕಡೆ ನೋಡಿದ.

“ಕ್ಯಾನ್ಸಲ್ ಮಾಡ್ಸಪ್ಪ.”

“ಉಳಿದ ಅರವತ್ತೊಂಬತ್ತು ಜನದ್ದು?”

ಚೇತನ್ ಗೋಡೆಗೆ ಒರಗಿ ಕೂತುಬಿಟ್ಟ. ಜೇಬಿನಿಂದ ಮೊಬೈಲ್ ತೆಗೆದು ಕಂಪನಿಯ ನಂಬರ್ ಒತ್ತಿದ. ಆ ಕಡೆ ರಿಂಗ್ ಆಗುತ್ತಿತ್ತು. ಲಕ್ಕಪ್ಪ ಪಕ್ಕದಲ್ಲಿ ಕೂತು ಮಗನ ಭುಜ ಹಿಡಿದುಕೊಂಡ. ಆ ಕಡೆಯವರು ಹಲೋ ಅಂದಾಗಲೂ ಕೈ ತೆಗೆಯಲಿಲ್ಲ.