ಸುಣ್ಣ ಬಳಿದ ಗಾಜು

ಊರಿಗೆಲ್ಲ ಲೈಟು ಹಾಕಿಕೊಡುವ ವೈರಿಂಗ್ ಮೇಸ್ತ್ರಿ ತನ್ನ ಮನೆಯ ಹವಳದ ತೊಟ್ಟಿಗೆ ಮಾತ್ರ ಒಂದು ಬಲ್ಬನ್ನೂ ಹಾಕಲಿಲ್ಲ. ಹಜಾರದ ಸೂರು ಕೊರೆದು ದೊಡ್ಡ ಗಾಜು ಕೂರಿಸಿದ. ಅದರ ಕೆಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯಲ್ಲಿ ಹೆಬ್ಬೆರಳುದ್ದದ ಜೀವಂತ ಕಂದು ಹವಳ. ಬರೀ ಬಿಸಿಲಿನಲ್ಲೇ ಬೆಳೆಸಿ ತೋರಿಸುತ್ತೇನೆಂಬ ಹಟ. "ಅಡುಗೆಮನೆ ಸ್ವಿಚ್ಚು ಕೆಟ್ಟು ಆರು ತಿಂಗಳಾಯ್ತು, ಇವರು ಸೂರ್ಯನಿಗೆ ಕನೆಕ್ಷನ್ ಕೊಡ್ತಿದಾರೆ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹಟಕ್ಕೆ ಕಾರಣವಿತ್ತು. ಮತ್ಸ್ಯಾಲಯದ ಮೇಲ್ವಿಚಾರಕಿ ಅಲ್ಲಿನ ಹವಳಗಳನ್ನು ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿದ್ದರು. ಹವಳ ಒಂದಿಷ್ಟು ಬೆಳೆದ ಮೇಲೆ ಒಂದು ಭಾನುವಾರ ಬಂದು ಇವನ ತೊಟ್ಟಿ ನೋಡುತ್ತೇನೆ ಎಂದಿದ್ದರು. ಇಪ್ಪತ್ತು ವರ್ಷ ಜನರ ಅಟ್ಟಗಳಲ್ಲಿ ತೆವಳಿ ಧೂಳು ಕುಡಿದು ಸಾಕಾಗಿದ್ದ ಮೇಸ್ತ್ರಿಗೆ ಆ ಕೆಲಸ ಬೇಕೇ ಬೇಕಾಗಿತ್ತು.

ಕಷ್ಟವೆಂದರೆ, ನೆತ್ತಿಯ ಬಿಸಿಲು ಒಮ್ಮೆಲೇ ಬಿದ್ದರೆ ಹವಳ ತಡೆಯುವುದಿಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯಿದೆ. ಬಣ್ಣವೂ ಅದರದೇ, ಊಟವೂ ಅದರಿಂದಲೇ. ಬೆಳಕು ಅತಿಯಾದರೆ ಪಾಚಿ ಹವಳವನ್ನು ಬಿಟ್ಟುಹೋಗುತ್ತದೆ. ಅದಕ್ಕೇ ಗಾಜಿನ ತುಂಬ ಸುಣ್ಣ ಬಳಿದು, ಹವಳ ಬಿಸಿಲಿಗೆ ನಿಧಾನವಾಗಿ ಒಗ್ಗಲಿ ಎಂದು ವಾರಕ್ಕೊಮ್ಮೆ ಏಣಿ ಹತ್ತಿ ಅಂಗೈಯಗಲ ಮಾತ್ರ ಒರೆಸುತ್ತಿದ್ದ.

ಅದೇ ಮನೆಯಲ್ಲಿದ್ದ ಮಾವ, ಮೂವತ್ತು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಕಿಟಕಿ ಒರೆಸಿ ನಿವೃತ್ತರಾದವರು. ಅವರಿಗೆ ಇದನ್ನು ನೋಡಿದರೆ ಕೈ ತುರಿಸುತ್ತಿತ್ತು.

"ಅಳಿಯಂದ್ರೇ, ಗಾಜಿನ ಮೇಲೆ ಇದೇನು ಅವಲಕ್ಷಣ?"

"ನಿಮಗೆ ಗೊತ್ತಾಗಲ್ಲ, ಬಿಡಿ ಮಾವ."

ನಾಲ್ಕು ತಿಂಗಳು ಇದೇ ಪ್ರಶ್ನೆ, ಇದೇ ಉತ್ತರ.

ಮೇಲ್ವಿಚಾರಕಿ ಬರಬೇಕಿದ್ದ ವಾರ ಪರವೂರಿನ ಕೆಲಸಕ್ಕೆ ಹೋಗಿ ಭಾನುವಾರ ಬೆಳಿಗ್ಗೆ ಮರಳಿದ ಮೇಸ್ತ್ರಿ ಹೊಸಿಲಲ್ಲೇ ನಿಂತುಬಿಟ್ಟ. ಹಜಾರವೆಲ್ಲ ಝಗಝಗ. ಸೂರಿನಲ್ಲಿ ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಶುಭ್ರ. ತೊಟ್ಟಿಯಲ್ಲಿ ಹವಳ ಸೀಮೆಸುಣ್ಣದ ಹಾಗೆ ಬಿಳುಚಿಕೊಂಡಿತ್ತು.

"ದೊಡ್ಡೋರು ಬರ್ತಾರಲ್ಲ ಅಂತ ನೀವು ಹೊರಟ ದಿನವೇ ಒರೆಸಿಬಿಟ್ಟೆ" ಎಂದರು ಮಾವ, ಮುಖ ಅರಳಿಸಿ. "ನೋಡಿ, ನಿಮ್ಮ ಹವಳಾನೂ ಎಷ್ಟು ಬೆಳ್ಳಗಾಗಿದೆ!"

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಡುವಷ್ಟರಲ್ಲಿ ಮೇಲ್ವಿಚಾರಕಿ ಒಳಗೆ ಬಂದರು. ತೊಟ್ಟಿಗೆ ಬಗ್ಗಿದರು, "ಮೇಲೆಲ್ಲ ಸುಣ್ಣ ಇತ್ತು, ನಾನೇ ಒರೆಸಿದ್ದು" ಎಂದು ಮಾವ ಹೇಳಿದಾಗ ತಲೆ ಎತ್ತಿ ಗಾಜು ನೋಡಿದರು.

"ಬೆಳಕು ಜಾಸ್ತಿಯಾಗಿ ಹೀಗಾಗಿದೆ. ಮನೇಲಿರೋರಿಗೆ ಹೇಳಿರಲಿಲ್ವಾ ನೀವು? ನಮ್ಮಲ್ಲಿ ಒಂದು ತೊಟ್ಟಿಗೆ ಆರು ಜನ ಕೈ ಹಾಕ್ತಾರೆ, ಒಬ್ಬರಿಗೊಬ್ಬರು ಹೇಳದೆ ನಡೆಯಲ್ಲ." ಮೇಸ್ತ್ರಿಗೆ ಅಷ್ಟು ಹೇಳಿ, ಕೊಟ್ಟ ನೀರು ಕುಡಿದು ಹೊರಟುಹೋದರು.

"ಕೆಲಸ ಸಿಕ್ತಾ?" ಎಂದು ಮಾವ ಕೇಳಿದ್ದೇ ತಡ, ಮೇಸ್ತ್ರಿ ಕೂಗಾಡಿಬಿಟ್ಟ. ಪಾಚಿ, ಬಿಸಿಲು, ಸುಣ್ಣ, ವಾರಕ್ಕೆ ಅಂಗೈಯಗಲ ಒರೆಸುವ ಲೆಕ್ಕ, ಎಲ್ಲವನ್ನೂ ಒಂದೇ ಉಸಿರಿಗೆ ಅರಚಿ ಸುಸ್ತಾಗಿ ಕುಳಿತ.

ಮಾವ ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡರು.

"ಎರಡು ನಿಮಿಷದ ಮಾತು ಇದು, ಅಳಿಯಂದ್ರೇ" ಎಂದರು ಮೆಲ್ಲಗೆ. "ನಾಲ್ಕು ತಿಂಗಳಿಂದ ಕೇಳ್ತಾ ಇದ್ನಲ್ಲ."